ಹುಳ ಮುಟ್ಟದ ಬದನೆಕಾಯಿ

ನಮ್ಮಪ್ಪನ ಅಂಗಿಗೆ ಒಂದು ವಾಸನೆಯಿತ್ತು. ಬೆವರು, ಬೀಡಿಯ ಹೊಗೆ, ಅವೆರಡನ್ನೂ ಮೀರಿ ಮೂಗಿಗೆ ಹತ್ತುವ ಔಷಧಿಯ ಘಾಟು. ಕೊಳೆತ ಬೆಳ್ಳುಳ್ಳಿಗೂ ಸೀಮೆಎಣ್ಣೆಗೂ ನಡುವಿನದೊಂದು ವಾಸನೆ ಅದು. ಬದನೆ ಗಿಡಗಳಿಗೆ ಔಷಧಿ ಹೊಡೆದು ಅಪ್ಪ ಸಂಜೆ ಮನೆಗೆ ಬರುವ ಹೊತ್ತಿಗೆ ಅಮ್ಮ ಬಚ್ಚಲಲ್ಲಿ ಬಿಸಿನೀರು ಇಟ್ಟಿರುತ್ತಿದ್ದಳು. ಕಳಚಿದ ಅಂಗಿಯನ್ನು ಕೈಯಲ್ಲಿ ಮುಟ್ಟದೆ ಕೋಲಿನಿಂದ ಎತ್ತಿ ಹಿತ್ತಲಿನ ತಂತಿಗೆ ಹಾಕುತ್ತಿದ್ದಳು. ಅದರ ಹತ್ತಿರ ಹೋಗಬೇಡ ಎಂದು ಗದರುತ್ತಿದ್ದಳು. ನಾನು ಹೋಗಿ ತಂತಿಯ ಕೆಳಗೆ ನಿಂತು ಮೂಗು ಮೇಲೆತ್ತುತ್ತಿದ್ದೆ. ನನಗೆ ಆ ವಾಸನೆ ಇಷ್ಟವಾಗಿತ್ತು, ಅಪ್ಪ ಮನೆಯಲ್ಲಿದ್ದಾರೆ ಎನ್ನುವುದಕ್ಕೆ ಅದೇ ಗುರುತಾಗಿತ್ತು. ಅಪ್ಪ ಐವತ್ತು ದಾಟಲಿಲ್ಲ. ಯಾವುದರಿಂದ ಎಂದು ಯಾರೂ ಕೇಳಲಿಲ್ಲ. ನಮ್ಮೂರಲ್ಲಿ ಔಷಧಿ ಹೊಡೆಯುವವರು ಐವತ್ತು ದಾಟದಿರುವುದು ಅಂಥ ದೊಡ್ಡ ಸುದ್ದಿಯಾಗಿರಲಿಲ್ಲ.

ಈಗ ನನಗೆ ಅರವತ್ತೊಂಬತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ಮನೆಯಲ್ಲಿ ಕೂತವಳು. ಬಹುಶಃ ಅದೇ ಕಾರಣಕ್ಕೆ ಹೋದ ವರ್ಷ ಊರ ಸಭೆಯವರು ಮೊದಲ ತುತ್ತಿಗೆ ನನ್ನನ್ನು ಕೂರಿಸಿದರು.

ನಮ್ಮೂರಿಗೆ ಯಾವ ಹೊಸ ಕಾಯಿ, ಕಾಳು, ಗೆಡ್ಡೆ ಬಂದರೂ ಊರಿನವರೊಬ್ಬರು ಅದನ್ನು ಒಂದು ವರ್ಷ ತಿನ್ನಬೇಕು. ವರ್ಷ ತುಂಬಿದ ದಿನ ಸಭೆಯ ಮುಂದೆ ನಿಂತು ‘ಸೈ’ ಅನ್ನಬೇಕು, ಇಲ್ಲವೇ ‘ಬೇಡ’ ಅನ್ನಬೇಕು. ಊರು ಆ ಒಂದು ಮಾತಿನಂತೆ ನಡೆಯುತ್ತದೆ. ಟೊಮೆಟೊ ಹಾಗೆ ಸೈ ಆಯಿತು, ಕ್ಯಾರೆಟ್ ಸೈ ಆಯಿತು. ಎಲೆಕೋಸಿಗೆ ಕೂತಿದ್ದ ಹಿರಿಯರೊಬ್ಬರಿಗೆ ಕೊನೆಯ ವಾರ ಬಿಕ್ಕಳಿಕೆ ಹತ್ತಿ ನಿಲ್ಲಲೇ ಇಲ್ಲವಂತೆ, ಬಿಕ್ಕುತ್ತಲೇ ‘ಬೇಡ’ ಅಂದುಬಿಟ್ಟರು. ಇವತ್ತಿಗೂ ನಮ್ಮೂರಲ್ಲಿ ಎಲೆಕೋಸು ಇಲ್ಲ. ಪರಸ್ಥಳದ ಮದುವೆಗಳಿಗೆ ಹೋದವರು ಅಲ್ಲಿ ಎರಡೆರಡು ಸಲ ಬಡಿಸಿಕೊಂಡು ತಿಂದು, ಬಸ್ಸು ಊರಿನ ಸೇತುವೆ ದಾಟುವ ಮೊದಲು ಕಿಟಕಿಯಿಂದ ಬಾಯಿ ಮುಕ್ಕಳಿಸುತ್ತಾರೆ.

ತುತ್ತಿಗೆ ಕೂತವರು ಆ ಒಂದು ವರ್ಷ ತಮ್ಮ ಒಲೆಯ ಮೇಲೆ ತಾವೇ ಬೇಯಿಸಿದ್ದನ್ನು ಮಾತ್ರ ಉಣ್ಣಬೇಕು. ಬೇರೆಯವರ ಕೈಯಿಂದ ಒಂದು ಹಿಡಿ ಅವಲಕ್ಕಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಅವರ ಮನೆಯಲ್ಲೂ ಯಾರೂ ನೀರು ಸಹ ಮುಟ್ಟುವುದಿಲ್ಲ. ವರ್ಷ ಮುಗಿದ ಮೇಲಿನದು ಬೇರೆಯೇ ಕಷ್ಟ. ಅವರ ಮಾತಿನಿಂದ ಯಾವ ಕಡೆಯವರು ಸೋತರೋ ಆ ಕಡೆಯವರು ಆಮೇಲೆ ಯಾವತ್ತೂ ಅವರ ಜೊತೆ ಕೂತು ಉಣ್ಣುವುದಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ.

ಈ ಸಲ ಬಂದದ್ದು ಬದನೆಕಾಯಿ. ಬದನೆ ನಮಗೆ ಹೊಸದಲ್ಲ. ಕಡುನೇರಳೆ ಮೈಮೇಲೆ ಹಸಿರು ಗೆರೆಯಿರುವ ಗುಂಡು ಬದನೆ ನಮ್ಮ ಮಣ್ಣಿನದೇ. ಬೀಜದ ಕಂಪನಿಯವರು ಅದನ್ನೇ ತೆಗೆದುಕೊಂಡು ಹೋಗಿ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ಗುಣವನ್ನು ಅದರ ಬೀಜದೊಳಗೆ ಸೇರಿಸಿ ವಾಪಸು ತಂದಿದ್ದರು. ನೋಡಲು ಅದೇ ಕಾಯಿ, ಅದೇ ಗೆರೆ, ಅದೇ ಮುಳ್ಳು ತೊಟ್ಟು. ಕಾಯಿಕೊರಕ ಹುಳ ಒಂದು ಸಲ ಕಚ್ಚಿದರೆ ಹೊಟ್ಟೆ ಕೆಟ್ಟು ಸಾಯುತ್ತದೆ, ಆ ಹುಳಕ್ಕೆಂದು ಇನ್ನು ಔಷಧಿ ಹೊಡೆಯುವ ಕೆಲಸವೇ ಇಲ್ಲ ಎಂದರು. ಪತ್ರಿಕೆಗಳಲ್ಲಿ ಅದಕ್ಕೆ ಕುಲಾಂತರಿ ಎಂದು ಬರೆದರು. ನಮ್ಮೂರಿನವರು ಹುಳ ಮುಟ್ಟದ ಬದನೆ ಎಂದರು. ಊರ ಹೊರಗೆ ಎರಡು ಸುತ್ತಿನ ಬೇಲಿಯೊಳಗೆ ಅದನ್ನು ಬೆಳೆಸಿ, ಪ್ರತಿ ಸೋಮವಾರ ಬೆಳಿಗ್ಗೆ ಒಂದು ಬುಟ್ಟಿ ನನ್ನ ಜಗಲಿಗೆ ತಂದಿಡುತ್ತಿದ್ದರು.

ಊರು ಎರಡಾಯಿತು. ಕ್ಷೌರದಂಗಡಿಗೆ ಸೈ ಅನ್ನುವವರು ಬೆಳಿಗ್ಗೆ, ಬೇಡ ಅನ್ನುವವರು ಮಧ್ಯಾಹ್ನದ ಮೇಲೆ ಹೋಗತೊಡಗಿದರು. ಊರ ಸಭೆಯ ಅಧ್ಯಕ್ಷ ರೇವಣ್ಣ ನನ್ನ ಹಳೆಯ ವಿದ್ಯಾರ್ಥಿ, ಬಟಾಣಿ ಗಿಡದ ಚಿತ್ರವನ್ನು ಬೇರು ಮೇಲೆ ಮಾಡಿ ಬರೆದಿದ್ದವನು. ಒಬ್ಬ ಮುದುಕಿ ಒಂದು ವರ್ಷ ತಿಂದರೆ ಏನೂ ಗೊತ್ತಾಗುವುದಿಲ್ಲಪ್ಪಾ, ಸಾವಿರಾರು ಜನ, ಎಷ್ಟೋ ವರ್ಷ ಬೇಕು, ಗಿಡವನ್ನೂ ಮಣ್ಣನ್ನೂ ಬೇರೆಯಾಗಿ ನೋಡಬೇಕು ಎಂದು ಅವನಿಗೆ ಬಿಡಿಸಿ ಹೇಳಿದೆ. ಅವನು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ, “ಸಾವಿರ ಜನಕ್ಕೆ ನಾವೆಲ್ಲಿಗೆ ಹೋಗೋಣ ಟೀಚರ್, ನೀವೊಬ್ರು ಸಾಕು” ಅಂದ.

ತುತ್ತಿನವರ ಜಗಲಿಯಲ್ಲಿ ಒಂದು ಬೆಂಚು ಹಾಕಿ, ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಹಗಲೆಲ್ಲ ಕಾವಲಿಗೆ ಕೂರಿಸುವುದು ಪದ್ಧತಿ. ಬೇಡ ಅನ್ನುವವರ ಕಡೆಯಿಂದ ಬಂದು ಕೂತವಳು ನಂಜಕ್ಕ. ನನ್ನ ಪಕ್ಕದ ಮನೆಯವಳು, ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಹಿತ್ತಲಲ್ಲಿ ಹನ್ನೆರಡು ಬದನೆ ಗಿಡಗಳು. ಬೆಳಗಾಗುತ್ತಲೇ ಎಲೆ ಎಲೆಯನ್ನೂ ಮಗುಚಿ ಹುಳ ಆರಿಸುವಳು, ಒಲೆಯ ಬೂದಿ ಎರಚುವಳು, ಔಷಧಿ ಸೋಕಿಸಿದವಳಲ್ಲ. ಒಳ್ಳೆಯ ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ಬೂದಿಯಲ್ಲಿ ಕಲಸಿ ಸೋರೆ ಬುರುಡೆಯಲ್ಲಿ ತುಂಬಿಡುವಳು. ಊರಿನ ಅರ್ಧ ಹಿತ್ತಲುಗಳ ಬದನೆ ಅವಳ ಬುರುಡೆಯಿಂದ ಹೋದದ್ದು. ಸೈ ಅನ್ನುವವರ ಕಡೆಯಿಂದ ಹೊನ್ನಯ್ಯ ಬಂದ. ಊರ ತೋಟಗಳಿಗೆಲ್ಲ ಔಷಧಿ ಹೊಡೆಯುವವನು ಅವನು. ನಲವತ್ತಾರು ವರ್ಷ. ಕೈ ನಡುಗುತ್ತದೆ. ಅಂಗಿಯ ಗುಂಡಿಗಳನ್ನು ಅವನ ಹೆಂಡತಿ ಹಾಕಿ ಕಳಿಸುತ್ತಿದ್ದಳು. ತುತ್ತು ಮುಗಿಯುವತನಕ ಬದನೆಗೆ ಔಷಧಿ ಹೊಡೆಯಬಾರದೆಂದು ಎರಡೂ ಕಡೆಯವರು ಒಪ್ಪಿದ್ದರಿಂದ ಅವನಿಗೆ ಆ ವರ್ಷ ಬಿಡುವಿತ್ತು. ನಾಲ್ಕೈದು ತಿಂಗಳಲ್ಲೇ ಮುಖದಲ್ಲಿ ಸ್ವಲ್ಪ ರಕ್ತ ಬಂದಿತ್ತು.

ಮೊದಮೊದಲು ಇಬ್ಬರೂ ಬೆಂಚಿನ ಎರಡು ತುದಿಗೆ ಕೂತು ಜಗಳವಾಡುತ್ತಿದ್ದರು. ದುಂಬಿಗೆ ಬೇಲಿ ಹಾಕ್ತೀಯೇನೋ, ಆ ಹೂವಿನ ಧೂಳು ತಂದು ನನ್ನ ಹೂವಿಗೆ ಸವರಿದರೆ ನನ್ನ ಬೀಜ ನನ್ನದಾಗೇ ಉಳೀತದಾ ಎಂದು ಅವಳು ಕೇಳುವಳು. ಹನ್ನೆರಡು ಗಿಡಕ್ಕೆ ಹುಳ ಆರಿಸಬಹುದು ನಂಜಕ್ಕ, ಎರಡು ಎಕರೆಗೆ ನಿನ್ನ ಬೆರಳು ಬಾಡಿಗೆಗೆ ಕೊಡ್ತೀಯಾ ಎಂದು ಅವನು ಕೇಳುವನು. ಇಬ್ಬರ ಮಾತೂ ನಿಜ ಎಂದು ನನಗೆ ಒಳಗಿನಿಂದ ಕೇಳಿಸುತ್ತಿತ್ತು, ಒಲೆ ಊದುವುದರಲ್ಲಿ ಸುಮ್ಮನಾಗುತ್ತಿದ್ದೆ. ಬರಬರುತ್ತ ಜಗಳ ಹಳತಾಯಿತು. ಬಿಸಿಲು ತಿರುಗಿದಾಗ ನೆರಳಿನ ಕಡೆಯನ್ನು ಹೊನ್ನಯ್ಯ ಅವಳಿಗೆ ಬಿಟ್ಟು ತಾನು ಈಚೆಗೆ ಜರುಗುತ್ತಿದ್ದ. ಅವನ ಅಂಗಿಯ ಗುಂಡಿ ತಪ್ಪಿದ್ದರೆ ಅವಳು ಬೈದುಕೊಂಡೇ ಸರಿಮಾಡುತ್ತಿದ್ದಳು.

ನಾನು ಬದನೆಕಾಯಿ ತಿನ್ನುತ್ತಿದ್ದೆ. ಮೊದಲ ತಿಂಗಳು ಎಣ್ಣೆಗಾಯಿ, ವಾಂಗೀಬಾತು, ಸುಟ್ಟ ಬದನೆಯ ಗೊಜ್ಜು ಎಂದು ಹುರುಪಿನಿಂದ ಮಾಡಿಕೊಂಡೆ. ಮೂರನೆಯ ತಿಂಗಳಿಗೆ ಹುಳಿ ಮತ್ತು ಪಲ್ಯಕ್ಕೆ ಬಂದೆ. ಎಂಟನೆಯ ತಿಂಗಳಲ್ಲಿ ಉಪ್ಪು ಹಾಕಿ ಬೇಯಿಸಿ, ಗೋಡೆ ನೋಡುತ್ತ ಅನ್ನದ ಜೊತೆ ನುಂಗುತ್ತಿದ್ದೆ. ದಿನಕ್ಕೆರಡು ಹೊತ್ತು. ನಾನು ಸೀನಿದರೆ ಬೀದಿಯಲ್ಲಿ ಒಬ್ಬರು ನಿಲ್ಲುತ್ತಿದ್ದರು. ಸ್ವಲ್ಪ ಚುರುಕಾಗಿ ನಡೆದರೆ ಇನ್ನೊಬ್ಬರು ನಗುತ್ತಿದ್ದರು. ನನ್ನ ಮೈ ನನ್ನದಾಗಿ ಉಳಿಯದೆ ಊರಿನವರ ನೋಟೀಸು ಬೋರ್ಡಾಗಿತ್ತು. ಹೂ ಮಾರುವ ಗೌರಿ ಮಾತ್ರ ಯಾವ ಕಡೆಯನ್ನೂ ಮಾತಾಡದೆ ದಿನವೂ ಒಂದು ಗೇಣು ಕನಕಾಂಬರ ಕಿಟಕಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಹೂ ತಿನ್ನುವ ಪದಾರ್ಥ ಅಲ್ಲವಲ್ಲ ಟೀಚರ್, ಇದಕ್ಕೆ ಯಾರದೂ ತಕರಾರಿಲ್ಲ ಎಂದಿದ್ದಳು ಮೊದಲ ದಿನ.

ನನಗೂ ನಂಜಕ್ಕನಿಗೂ ನಡುವೆ ಎದೆಮಟ್ಟದ ಒಂದು ಗೋಡೆಯಿದೆ. ನಲವತ್ತು ವರ್ಷ ಅದರ ಮೇಲೆ ಬಟ್ಟಲುಗಳು ಓಡಾಡಿವೆ. ಅವಳು ಸೊಪ್ಪಿನ ಹುಳಿ ಇಟ್ಟರೆ ನಾನು ಆ ಬಟ್ಟಲಲ್ಲಿ ಪಾಯಸ ತುಂಬಿ ಇಡುವುದು, ಅವಳು ಅದನ್ನೂ ಬರಿದಾಗಿ ಕೊಡದೆ ಇನ್ನೇನೋ ಹಾಕುವುದು. ಇಟ್ಟು ಇಟ್ಟು ಒಂದು ಕಡೆ ಗಾರೆ ಸವೆದು ನುಣ್ಣಗಾಗಿದೆ. ನಮ್ಮೆಜಮಾನರು ತೀರಿಕೊಂಡ ವರ್ಷ ನಾನು ಒಲೆ ಹಚ್ಚದೆ ಮಲಗಿದ್ದ ದಿನಗಳಲ್ಲಿ ಆ ಬಟ್ಟಲೇ ನನ್ನನ್ನು ಎಬ್ಬಿಸಿ ಕೂರಿಸಿದ್ದು. ತುತ್ತಿನ ವರ್ಷ ಗೋಡೆ ಖಾಲಿ ಇತ್ತು. ದಿನಗಳೆದಂತೆ ನನಗೆ ಬದನೆಯ ಹಣೆಬರಹಕ್ಕಿಂತ ಆ ಗೋಡೆಯದೇ ಯೋಚನೆಯಾಯಿತು. ನಾನು ಸೈ ಅಂದರೆ ನಂಜಕ್ಕನ ಬಟ್ಟಲು ಇನ್ನು ಅಲ್ಲಿಗೆ ಬರುವುದಿಲ್ಲ. ಬೇಡ ಅಂದರೆ ಹೊನ್ನಯ್ಯ ಮತ್ತೆ ಔಷಧಿಯ ಡಬ್ಬಿ ಬೆನ್ನಿಗೆ ಹಾಕಿಕೊಳ್ಳುತ್ತಾನೆ. ಯಾವುದನ್ನು ಅಂದರೂ ಒಂದು ಮನೆಯ ಬಾಗಿಲು ಮುಚ್ಚುತ್ತದೆ.

ಮೂರನೆಯ ತಿಂಗಳ ಕೊನೆಯಲ್ಲಿ ನನಗೆ ಹನ್ನೊಂದು ದಿನ ಜ್ವರ ಬಂತು. ಆಗ ಊರಲ್ಲಿ ಹಲವರಿಗೆ ಬಂದಿತ್ತು, ಆದರೆ ಲೆಕ್ಕಕ್ಕೆ ಬಂದದ್ದು ನನ್ನದು ಮಾತ್ರ. ಬೇಡ ಅನ್ನುವವರು ಮುಖ ಸಣ್ಣಗೆ ಮಾಡಿಕೊಂಡು ಬಂದು ಒಳಗೊಳಗೇ ಹಿಗ್ಗಿ ಹೋದರು. ಸೈ ಅನ್ನುವವರು ಡಾಕ್ಟರನ್ನು ಕರೆತಂದರು. ನಂಜಕ್ಕ ಎರಡು ದಿನ ಬೆಂಚಿಗೇ ಬರಲಿಲ್ಲ. ಮೂರನೆಯ ದಿನ ಬಂದು, ನನ್ನ ಹಣೆ ಮುಟ್ಟಿ ನೋಡಿ, ಹೋಗಿ ತನ್ನ ತುದಿಯಲ್ಲಿ ಕೂತಳು. ಜ್ವರ ಬಿಟ್ಟಿತು. ಆಮೇಲೆ ನನಗೆ ಏನೂ ಆಗಲಿಲ್ಲ.

ವರ್ಷ ತುಂಬಲು ಐದು ದಿನ ಉಳಿದಿತ್ತು. ಬೆಳಿಗ್ಗೆ ಹತ್ತರ ಹೊತ್ತು, ಈಳಿಗೆಮಣೆಯ ಮುಂದೆ ಕೂತು ಒಂದು ಬದನೆಯನ್ನು ನಾಲ್ಕಾಗಿ ಸೀಳಿದೆ. ಒಳಗೆ ಕಂದು ಬಣ್ಣದ ಒಂದು ಸಣ್ಣ ಸುರಂಗ. ಅದರ ಕೊನೆಯಲ್ಲಿ ನಸುಗೆಂಪು ಹುಳವೊಂದು ತಲೆಯೆತ್ತಿ ಅತ್ತಿತ್ತ ನೋಡುತ್ತಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಅದರ ಚಿತ್ರ ಬರೆಸಿದವಳು ನಾನು. ಕಾಯಿಕೊರಕ. ಜೀವಂತವಾಗಿತ್ತು, ಮೈಕೈ ತುಂಬಿಕೊಂಡಿತ್ತು. ಹುಳ ಮುಟ್ಟದ ಬದನೆಯಲ್ಲಿ ಅದು ಕೂತು ಊಟ ಮಾಡಿದ ಹಾಗಿತ್ತು.

ಬುಟ್ಟಿಯ ಉಳಿದ ಕಾಯಿಗಳನ್ನೆಲ್ಲ ಕೊಯ್ದೆ. ಇನ್ನು ಎರಡರಲ್ಲಿ ಹುಳ ಸಿಕ್ಕಿತು. ಅಷ್ಟೇ ಆಗಿದ್ದರೆ ಹುಳವೇ ಹೊಸ ಬದನೆಯನ್ನು ಜಯಿಸಿತೆಂದು ನಾನು ಅಂದುಕೊಳ್ಳುತ್ತಿದ್ದೆನೋ ಏನೋ. ಆದರೆ ಮೂರನೆಯದರ ತೊಟ್ಟಿನ ಮೇಲೆ ಬೂದಿಯ ಗುರುತಿತ್ತು. ನಮ್ಮೂರಲ್ಲಿ ಬದನೆಗೆ ಒಲೆಯ ಬೂದಿ ಎರಚುವವಳು ಒಬ್ಬಳೇ.

ಹೊನ್ನಯ್ಯ ಊಟಕ್ಕೆಂದು ಮನೆಗೆ ಹೋದ ಮೇಲೆ ನಂಜಕ್ಕನನ್ನು ಒಳಗೆ ಕರೆದು ತಟ್ಟೆಯನ್ನು ಅವಳ ಮುಂದಿಟ್ಟೆ. ಅವಳು ಬಗ್ಗಿ ನೋಡಿದಳು, ಇನ್ನೂ ಬಗ್ಗಿದಳು. ಹುಳ ಕಾಣಿಸಲಿಲ್ಲ ಅವಳಿಗೆ. ಬೆರಳಿನಿಂದ ಮುಟ್ಟಿ, ಅದು ಅಲುಗಿದಾಗ ಕೈ ಹಿಂದಕ್ಕೆಳೆದುಕೊಂಡಳು.

“ಇದೊಂದು ತಪ್ಪಿಸ್ಕೊಂಡಿದೆ” ಅಂದಳು.

“ಮೂರು ತಪ್ಪಿಸ್ಕೊಂಡಿವೆ ನಂಜಕ್ಕ. ಎಷ್ಟು ದಿನದಿಂದ?”

ಅವಳು ಸೆರಗಿನ ತುದಿಯನ್ನು ಸುತ್ತುತ್ತ ಕೂತಳು. ನಿಂಗೆ ಜ್ವರ ಬಂತಲ್ಲ, ಆವಾಗಿಂದ ಅಂದಳು. ಸೋಮವಾರ ಮಧ್ಯಾಹ್ನ ನಾನು ಒಳಗೆ ಒಂದು ಗಳಿಗೆ ಅಡ್ಡಾಗುತ್ತಿದ್ದೆ, ಹೊನ್ನಯ್ಯ ಊಟಕ್ಕೆ ಹೋಗುತ್ತಿದ್ದ. ಆ ಹೊತ್ತಿನಲ್ಲಿ ಅವಳು ಬುಟ್ಟಿ ಬರಿದುಮಾಡಿ ತನ್ನ ಹಿತ್ತಲಿನ ಕಾಯಿ ತುಂಬಿಡುತ್ತಿದ್ದಳು. ಒಂದೊಂದನ್ನೂ ಬಿಸಿಲಿಗೆ ಹಿಡಿದು, ತೂತಿಲ್ಲದ್ದನ್ನೇ ಆರಿಸಿ ತರುತ್ತಿದ್ದಳಂತೆ. ಇತ್ತೀಚೆಗೆ ಕಣ್ಣು ಮಂಜಾಗಿ ತೂತು ಕಾಣುತ್ತಿರಲಿಲ್ಲ. ಊರಿಗೆ ಏನಾದರೂ ಆಗಲಿ, ನೀನು ಮಲಗಿದ ಕಡೆಯೇ ಹೋಗಿಬಿಟ್ಟರೆ ನಾನು ಯಾರ ಜೊತೆ ಕೂತು ಉಣ್ಣಲಿ ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಒಂಬತ್ತು ತಿಂಗಳು ನಾನು ನುಂಗಿದ್ದು ಇವಳ ಕೈಯ ಬದನೆಯಾಗಿತ್ತು. ಅದು ಆ ಗಾರೆಯ ಮೇಲೆ ಬರುವುದನ್ನು ಬಿಟ್ಟು ಬುಟ್ಟಿಯಲ್ಲಿ ಬಂದಿತ್ತು, ಅಷ್ಟೆ.

ಬುಟ್ಟಿಯದನ್ನು ಏನು ಮಾಡಿದೆ ಎಂದು ಕೇಳಿದೆ. ಎಸೆದರೆ ಬೀಜ ಬಿದ್ದು ಮೊಳೆಯುತ್ತದೆ, ಅದೇ ಅಲ್ಲವೇ ಅವಳ ಹೆದರಿಕೆ. ದನಕ್ಕೆ ಹಾಕಿದರೆ ಸಗಣಿಯಲ್ಲಿ ಬಂದು ತಿಪ್ಪೆಯಲ್ಲಿ ಹುಟ್ಟುತ್ತದೆ. ಸುಡೋಣ ಅಂದರೆ ತಿನ್ನುವ ವಸ್ತುವನ್ನು ಒಲೆಗೆ ಹಾಕಲು ಕೈ ಬರಲಿಲ್ಲವಂತೆ.

“ಬೇಯಿಸ್ಕೊಂಡು ತಿಂದೆ” ಅಂದಳು.

ನಾನು ಅವಳನ್ನೇ ನೋಡಿದೆ. ಊರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದವಳು, ನನ್ನ ಬದಲಿಗೆ ಒಂಬತ್ತು ತಿಂಗಳು ಆ ಬದನೆಯನ್ನು ತಿಂದಿದ್ದಳು. “ಅದಕ್ಕೇ ಕಣ್ಣು ಹಿಂಗಾಯ್ತಾ?” ಎಂದು ಕೇಳಿದ್ದು ನಾನೇ. ಕೇಳಿದ ಕೂಡಲೇ, ಓದಿದವಳಾಗಿ ಎಂಥ ಮಾತಾಡಿದೆ ಅನ್ನಿಸಿತು. ಎಪ್ಪತ್ತೆರಡು ವರ್ಷದ ಕಣ್ಣು. ಅವಳಮ್ಮನಿಗೂ ಪೊರೆ ಬಂದಿತ್ತು. ನಂಗೊತ್ತಿಲ್ಲ ವಿಶಾಲು, ಮೊದಲಿಂದಾನೂ ಸ್ವಲ್ಪ ಮಂಜಿತ್ತು, ಎಷ್ಟಿತ್ತು ಅಂತ ಯಾರು ನೋಡಿದ್ರು ಎಂದಳು. ಇಡೀ ವರ್ಷದಲ್ಲಿ ಆ ಬದನೆಯ ಬಗ್ಗೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಮಾತು ಅದು.

ಅಷ್ಟರಲ್ಲಿ ಹೊಸಿಲಲ್ಲಿ ಯಾರೋ ಕೆಮ್ಮಿದರು. ಹೊನ್ನಯ್ಯ ನಿಂತಿದ್ದ. ತಟ್ಟೆಯನ್ನು ನೋಡಿದ, ಅವನಿಗೆ ಆಶ್ಚರ್ಯವಾಗಲಿಲ್ಲ. ನಂಜಕ್ಕ ಎದ್ದು ಮುಖ ತಿರುಗಿಸಿಕೊಂಡು ತನ್ನ ಮನೆಗೆ ಹೋದಳು. ಅವನು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಐದನೆಯ ತಿಂಗಳಲ್ಲೇ ಒಂದು ಸೋಮವಾರ ಬೇಗ ವಾಪಸು ಬಂದಾಗ, ನಂಜಕ್ಕ ಮಡಿಲ ತುಂಬ ಬದನೆ ಕಟ್ಟಿಕೊಂಡು ಹೋಗುವುದನ್ನು ಕಂಡಿದ್ದ. ಬಂದ ದಾರಿಯಲ್ಲೇ ಬೀದಿಯ ಕೊನೆಯವರೆಗೆ ವಾಪಸು ಹೋಗಿ, ಜೋರಾಗಿ ಕೆಮ್ಮುತ್ತ ಎರಡನೆಯ ಸಲ ಬಂದಿದ್ದ. ಆಮೇಲೆ ಪ್ರತಿ ಸೋಮವಾರವೂ ತಡಮಾಡಿ ಬಂದ. ಯಾಕೆ ಹೇಳಲಿಲ್ಲ ಎಂದು ನಾನು ಕೇಳುವ ಅಗತ್ಯವಿರಲಿಲ್ಲ. ಹಳೆಯ ಬದನೆ ತಿಂದು ನಾನು ಗಟ್ಟಿಯಾಗಿದ್ದರೆ ಅವನ ಕಡೆಗೇ ಒಳ್ಳೆಯದು. ನಂಜಕ್ಕನ ಅಕ್ಕರೆಯೇ ಅವನ ಕೆಲಸ ಮಾಡಿಕೊಡುತ್ತಿತ್ತು. ತಪ್ಪು ಅಂತ ಗೊತ್ತಿತ್ತು ಟೀಚರಮ್ಮಾ, ಆದ್ರೆ ದಿನಾ ರಾತ್ರಿ ಒಳ್ಳೇ ನಿದ್ದೆ ಬರ್ತಿತ್ತು, ಬೆಳಿಗ್ಗೆ ತಲೆ ಸುತ್ತುತಿರ್ಲಿಲ್ಲ ಅಂದ.

ಬುಟ್ಟಿಯ ಬದನೆಯನ್ನು ನಂಜಕ್ಕ ತಿಂದಳೆಂದು ನಾನು ಹೇಳಿದಾಗ ಅವನ ಕಣ್ಣು ಅರಳಿತು. ಹಾಗಾದರೆ ಇನ್ನೇನು ಬೇಕು, ಒಂಬತ್ತು ತಿಂಗಳು ತಿಂದ ನಂಜಕ್ಕ ಗುಂಡುಕಲ್ಲಿನ ಹಾಗೆ ಇಲ್ವಾ ಎಂದ. ಅವಳ ಕಣ್ಣು ಮಂಜಾಗಿರುವುದನ್ನು ಹೇಳಿದೆ. ಬೆಂಚಿನ ಮೇಲೆ ಇಡೀ ವರ್ಷ ಅವಳ ಪಕ್ಕ ಕೂತವನು ಅವನು. ಕಲ್ಲು ಕಾಣದೆ ಅವಳು ಎಡವಿದಾಗ ರಟ್ಟೆ ಹಿಡಿದವನೂ ಅವನೇ.

“ಐದು ದಿನ ಅಷ್ಟೆ. ನೀವು ಸೈ ಅನ್ನಿ. ಯಾರಿಗೆ ಗೊತ್ತಾಗ್ತದೆ?” ಅಂದ. ಆಮೇಲೆ ತನ್ನೆರಡು ಕೈಗಳನ್ನೂ ನನ್ನ ಮುಂದೆ ಚಾಚಿದ. ಅವು ನಡುಗುತ್ತಿದ್ದವು, ಅವನು ಅವನ್ನು ನಿಲ್ಲಿಸಲು ನೋಡುತ್ತಿದ್ದ. ನಾನು ಆ ಕೈಗಳನ್ನು ಬಹಳ ಹೊತ್ತು ನೋಡಲಾರದೆ ಒಲೆಯ ಕಡೆ ತಿರುಗಿದೆ. ನಮ್ಮಪ್ಪನಿಗೆ ಇಂಥದೊಂದು ಬದನೆ ಸಿಕ್ಕಿದ್ದರೆ ಎಂದು ಆ ವರ್ಷ ನಾನು ಎಷ್ಟು ಸಲ ಅಂದುಕೊಂಡಿದ್ದೆನೋ. ಯೋಚನೆ ಮಾಡ್ತೀನಿ, ನೀನು ಹೋಗಪ್ಪಾ ಎಂದೆ.

ಐದು ದಿನ ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳು. ದಣಿದಿದ್ದೆ. ಸೈ ಅನ್ನುವುದು ಬಹಳ ಸುಲಭವಿತ್ತು, ಬೇಡ ಅನ್ನುವುದೂ ಸುಲಭವಿತ್ತು. ಎರಡಕ್ಕೂ ನನ್ನ ಮನಸ್ಸಿನಲ್ಲಿ ಜಾಗವಿತ್ತು, ಆದರೆ ಎರಡೂ ನಾನು ತಿಂದು ತಿಳಿದದ್ದಲ್ಲ. ಪ್ರಯೋಗ ಕೆಟ್ಟರೆ ಕೆಟ್ಟಿತು ಎಂದು ಬರೆಯಿರಿ, ಪಕ್ಕದವರ ಉತ್ತರ ನೋಡಿ ತುಂಬಬೇಡಿ ಎಂದು ಸಾವಿರ ಮಕ್ಕಳಿಗೆ ಹೇಳಿದ್ದೆ. ಆ ಸಾವಿರದಲ್ಲಿ ಮುಕ್ಕಾಲು ಪಾಲು ಸಭೆಯಲ್ಲಿ ಕೂತಿರುತ್ತಾರೆ. ಇನ್ನು ನಂಜಕ್ಕನ ಹೆಸರು ಹೇಳಿದರೆ ಊರಿನ ಎರಡೂ ಕಡೆಯವರು ಅವಳ ಮನೆಗೆ ನುಗ್ಗುವರು. ಒಬ್ಬರು ಅವಳು ಬದುಕಿರುವುದನ್ನು ತೋರಿಸುವರು, ಇನ್ನೊಬ್ಬರು ಅವಳ ಕಣ್ಣನ್ನು ತೋರಿಸುವರು. ಅವಳ ಎರಡು ಕಣ್ಣುಗಳನ್ನು ಊರಿನ ವಾದಕ್ಕೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಹಿಂದಿನ ದಿನ ಗೋಡೆಯ ಹತ್ತಿರ ಅವಳನ್ನು ಕರೆದು, ನಾಳೆ ಬಾಯಿ ಬಿಟ್ಟೀಯೆ ಜೋಕೆ, ನನ್ನ ಮೇಲೆ ಆಣೆ ಎಂದೆ. ಅವಳು ಗಾರೆಯನ್ನು ಸವರುತ್ತ ನಿಂತಿದ್ದಳು.

ಸಭೆ ಹಳೆಯ ರೇಷ್ಮೆಗೂಡಿನ ಮಾರುಕಟ್ಟೆಯ ಶೆಡ್ಡಿನಲ್ಲಿ ಸೇರಿತು. ಸೈ ಅನ್ನುವವರು ಎಡಕ್ಕೆ, ಬೇಡ ಅನ್ನುವವರು ಬಲಕ್ಕೆ. ನನಗೆ ಕುರ್ಚಿ ಹಾಕಿ, ಬಿಸಿಲು ಬೀಳುವುದನ್ನು ಕಂಡು ರೇವಣ್ಣ ತಾನೇ ಬಂದು ಅದನ್ನು ನೆರಳಿಗೆ ಎಳೆದ. ನಾನು ಎದ್ದು ನಿಂತೆ. ಹೊಸ ಬದನೆಯನ್ನು ನಾನು ತಿಂದದ್ದು ಮೂರು ತಿಂಗಳು ಮಾತ್ರ, ಆಮೇಲೆ ಬುಟ್ಟಿ ಬದಲಾಗಿದೆ, ನಾನು ತಿಂದದ್ದು ಹಳೆಯ ಬದನೆ, ಅದರಲ್ಲಿ ಹುಳ ಕಂಡೆ, ನನ್ನ ತುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸೈ ಅನ್ನಲಾರೆ, ಬೇಡ ಅನ್ನಲಾರೆ ಎಂದು ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. ಶೆಡ್ಡಿನ ತಗಡಿನ ಮೇಲೆ ಪಾರಿವಾಳ ನಡೆಯುವುದು ಕೇಳಿಸುತ್ತಿತ್ತು.

“ಬದಲಾಯಿಸಿದ್ದು ಯಾರು ಟೀಚರ್?” ರೇವಣ್ಣ ಕೇಳಿದ.

“ಬುಟ್ಟಿ ನನ್ನ ವಶದಲ್ಲಿತ್ತು. ಮಧ್ಯಾಹ್ನ ಮಲಗುತ್ತಿದ್ದವಳು ನಾನು. ನನ್ನ ಹೆಸರೇ ಬರ್ಕೊಳಪ್ಪ.”

ಆಮೇಲೆ ಬಹಳ ಗದ್ದಲವಾಯಿತು. ಎಡದವರು ನಾನು ಬೇಡದವರ ಕಡೆಗೆ ಹೋದೆನೆಂದರು, ಬಲದವರು ನಾನು ಕಂಪನಿಯವರನ್ನು ಕಾಪಾಡಿದೆನೆಂದರು. ಒಂದು ವರ್ಷದಲ್ಲಿ ಮೊದಲ ಸಲ ಎರಡೂ ಕಡೆಯವರು ಒಟ್ಟಾಗಿ ಒಬ್ಬರ ಮೇಲೆ ಸಿಟ್ಟಾಗಿದ್ದರು. ನಂಜಕ್ಕ ಎರಡು ಸಲ ಏಳಲು ಹೋದಳು, ನಾನು ನೋಡಿದೆ, ಕೂತಳು. ಹೊನ್ನಯ್ಯ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ತುತ್ತು ಕೆಡಿಸಿದವರಿಗೆ ಇರುವ ಪದ್ಧತಿಯನ್ನು ರೇವಣ್ಣ ಓದಿದ. ಮುಂದಿನವರು ಕೂತು ವರ್ಷ ತುಂಬಿಸುವತನಕ ಯಾವ ಮನೆಯಿಂದಲೂ ನನಗೆ ಊಟ ಬರುವ ಹಾಗಿಲ್ಲ. ಕೊಟ್ಟವರಿಗೂ ಅದೇ ಶಿಕ್ಷೆ. ಹೊಸ ಬೀಜ ಬೀಗದೊಳಗೆ ಹೋಗಬೇಕು. ಮುಂದಿನ ತುತ್ತು ನಿಶ್ಚಯವಾಗುವವರೆಗೆ ತೋಟಗಳಿಗೆ ಔಷಧಿ ಹೊಡೆಯಬಹುದು. ಮುಂದೆ ಯಾರು ಕೂರುತ್ತೀರಿ ಎಂದು ಕೇಳಿದಾಗ ಎರಡೂ ಕಡೆ ಒಂದು ಕೈಯೂ ಏಳಲಿಲ್ಲ.

ನಾನು ಒಬ್ಬಳೇ ಮನೆಗೆ ಬಂದೆ. ಬೆಂಚು ತೆಗೆದುಕೊಂಡು ಹೋಗಿದ್ದರು, ಅದರ ಕಾಲುಗಳ ಗುರುತು ಜಗಲಿಯಲ್ಲಿ ಉಳಿದಿತ್ತು. ನಂಜಕ್ಕ ಗೋಡೆಯ ಆಚೆ ನಿಂತು ಅಳುತ್ತಿದ್ದಳು. ಅಳಬೇಡ, ಕಣ್ಣಿಗೆ ಒಳ್ಳೆಯದಲ್ಲ, ಮೊದಲು ಹೋಗಿ ಡಾಕ್ಟರಿಗೆ ತೋರಿಸು ಎಂದೆ. ನನ್ನಿಂದ ನಿನಗೆ ಇನ್ನೊಂದು ವರ್ಷ ಹೀಗಾಯಿತು ಎಂದಳು. ಒಂದು ಬಟ್ಟಲು ತಂದು ಗೋಡೆಯ ಮೇಲೆ ಇಡಲು ಹೋದಳು. ನಾನೇ ಬೇಡವೆಂದೆ. ಕಣ್ಣು ಕಾಣದವಳನ್ನು ಊರು ಹೀಗೆ ದೂರವಿಟ್ಟರೆ ಕೈಹಿಡಿದು ನಡೆಸುವವರು ಯಾರು?

ಸೋಮವಾರ ಬಂತು. ಬುಟ್ಟಿ ಬರಲಿಲ್ಲ. ನಾನು ಒಲೆ ಹಚ್ಚದೆ ಜಗಲಿಯಲ್ಲಿ ಕೂತಿದ್ದೆ. ಏನು ಬೇಕಾದರೂ ಬೇಯಿಸಿಕೊಳ್ಳಬಹುದಿತ್ತು, ಬದನೆ ಬಿಟ್ಟು ಲೋಕದ ತರಕಾರಿಯೆಲ್ಲ ನನ್ನದಾಗಿತ್ತು. ಒಬ್ಬಳೇ ಉಣ್ಣಲು ಬೇಯಿಸುವುದು ಸಾಕಾಗಿ ಹೋಗಿತ್ತು, ಅಷ್ಟೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನನ್ನ ಮನೆಯ ಮುಂದೆ ಬಂದಾಗ ಹೆಜ್ಜೆ ಸ್ವಲ್ಪ ಚುರುಕಾಗುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಹೊನ್ನಯ್ಯ ತೋಟದ ಕಡೆಗೆ ಹೊರಟವನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ. ಬೆನ್ನ ಮೇಲೆ ಔಷಧಿಯ ಡಬ್ಬಿ, ಕೈಯಲ್ಲಿ ಊಟದ ಗಂಟು. ಸಭೆಯಾದ ಮೇಲೆ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಮಾತಾಡಬೇಕೆಂದೂ ನನಗೆ ಅನಿಸಿರಲಿಲ್ಲ. ಅವನಿಗೆ ನಾನು ಕೊಡಬಹುದಾಗಿದ್ದ ಒಂದೇ ಒಂದನ್ನು ಕೊಡದೆ ಇದ್ದವಳು ನಾನು. ತಲೆ ಬಗ್ಗಿಸಿ ಮುಂದೆ ಹೋಗುತ್ತಾನೆ ಎಂದುಕೊಂಡು ನಾನೂ ತಲೆ ಬಗ್ಗಿಸಿದೆ. ಅವನು ಮೆಟ್ಟಿಲ ಹತ್ತಿರ ನಿಂತ. ಎದುರು ಅಂಗಡಿಯ ಕಟ್ಟೆಯ ಮೇಲೆ ಎರಡೂ ಕಡೆಯವರು ಕೂತಿದ್ದರು, ಹೂವಿನ ಗೌರಿ ಬುಟ್ಟಿ ಇಳಿಸುತ್ತಿದ್ದಳು. ಅವನು ಡಬ್ಬಿಯನ್ನು ದೂರದಲ್ಲಿ, ಬೀದಿಯ ಆ ಬದಿಗೆ ಇಳಿಸಿ ಬಂದ. ಜಗಲಿಯಂಚಿನಲ್ಲಿದ್ದ ಕೊಡದ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದ. ತೊಳೆದ ಕೈಯನ್ನು ಇನ್ನೊಮ್ಮೆ ತೊಳೆದ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ಒಳಗೆ ಊಟದ ಡಬ್ಬಿಯ ಮುಚ್ಚಳ ಸಣ್ಣಗೆ ಕಟಕಟ ಎನ್ನುತ್ತಿತ್ತು.

ನಿನ್ನ ಮಧ್ಯಾಹ್ನದ ಊಟ ಅಲ್ಲವಾ ಎಂದು ಕೇಳಲು ಬಾಯಿ ತೆರೆದೆ. ಕೇಳಬೇಡಿ ಎಂಬಂತೆ ಅವನು ತಲೆಯಾಡಿಸಿದ. ರಾಗಿಮುದ್ದೆ, ಅವರೆಕಾಳಿನ ಸಾರು, ವಾಸನೆಯಿಂದಲೇ ಗೊತ್ತಾಯಿತು. ಬಟ್ಟೆಯ ಮೇಲಿನಿಂದಲೇ ಬಿಸಿ ಕೈಗೆ ತಾಗಿತು. ಎದುರುಗಡೆ ಕಟ್ಟೆಯವರು ಮಾತು ನಿಲ್ಲಿಸಿದ್ದರು. ಹೊನ್ನಯ್ಯ ಅತ್ತ ನೋಡಲಿಲ್ಲ.

“ಆರೋಕೆ ಮುಂಚೆ ಉಣ್ಣಿ ಟೀಚರಮ್ಮಾ” ಎಂದು ಮೆಲ್ಲಗೆ ಹೇಳಿ, ಗಂಟನ್ನು ನನ್ನ ಕೈಗೆ ಬಿಟ್ಟ.